ಖುರ್ಚಿ ಜಂಬಣ್ಣನ ಸೈಕಲ್ ಸೇಡು

ನಮ್ಮ ಕಡೆ ಮನುಷ್ಯನಿಗೆ ಎರಡು ಸಲ ಹೆಸರಿಡುತ್ತಾರೆ. ಮೊದಲನೆಯದು ತೊಟ್ಟಿಲಲ್ಲಿ, ಹೆತ್ತವರು ಯೋಚನೆ ಮಾಡಿ ಇಡುವುದು. ಎರಡನೆಯದು ಬೀದಿಯಲ್ಲಿ, ಯಾರೂ ಯೋಚನೆ ಮಾಡದೆ ಇಡುವುದು. ಉಳಿಯುವುದು ಎರಡನೆಯದೇ. ಸಿಂಧನೂರಿನಲ್ಲಿ ಎಂದೋ ಒಬ್ಬ ಬಸ್ಸಿನಲ್ಲಿ ನಿದ್ದೆ ಹೊಡೆದು ರಾಯಚೂರಿಗೆ ಹೋಗಿ ಇಳಿದಿದ್ದನಂತೆ. ಅವನ ಮನೆತನವೇ ‘ನಿದ್ದಿಯವರು’ ಆಯಿತು. ಮೊಮ್ಮಗ ರಾತ್ರಿಯೆಲ್ಲ ಎದ್ದು ಕೂತು ಓದಿ ಡಾಕ್ಟರಾದ. ಅವನೂ ‘ನಿದ್ದಿ ಡಾಕ್ಟರ್’. ಅವನ ಹತ್ತಿರ ಆಪರೇಷನ್ ಮಾಡಿಸಿಕೊಳ್ಳಲು ಜನ ಇವತ್ತಿಗೂ ಒಂದು ಕ್ಷಣ ಹಿಂದೆಮುಂದೆ ನೋಡುತ್ತಾರೆ.

ಇದೆಲ್ಲ ಗೊತ್ತಿದ್ದರಿಂದಲೇ ಮಸ್ಕಿಯಲ್ಲಿ ಖುರ್ಚಿ ಮುರಿದು ಬಿದ್ದ ದಿನ ಜಂಬಣ್ಣನಿಗೆ ನೋವಾದದ್ದು ಸೊಂಟಕ್ಕಲ್ಲ.

ಜಂಬಣ್ಣನದು ಸಿಂಧನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಗಲ್ಲಾದ ಮುಂದೆ ಕೂತು ಕೂತು ಮೈ ಬಂದಿತ್ತು. ಅಂಗಡಿಯ ಕಾಟಾದ ಮೇಲೆ ಒಮ್ಮೆ ಹಮಾಲರು ಅವನನ್ನು ನಿಲ್ಲಿಸಿ ತೂಗಿದಾಗ ಕ್ವಿಂಟಲ್ ದಾಟಿತ್ತು. ಅವನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ತನ್ನ ಮೈಯನ್ನು ನೋಡಿ ತಾನು ನಗುವುದು ಬೇರೆ, ಮಂದಿ ನಗುವುದು ಬೇರೆ ಎಂಬುದು ಆಗ ಅವನಿಗೆ ಗೊತ್ತಿರಲಿಲ್ಲ.

ಮಸ್ಕಿ ಅವನ ಹೆಂಡತಿ ನಂದಿನಿಯ ತವರು. ನಂದಿನಿಯ ತಂಗಿ ಯಮನೂರಮ್ಮನನ್ನು ಲಿಂಗಸುಗೂರಿನ ಹುಲಿಗೇಶನಿಗೆ ಕೊಟ್ಟಿದ್ದರು. ಹಾಗಾಗಿ ಹುಲಿಗೇಶ ಜಂಬಣ್ಣನಿಗೆ ಷಡ್ಡಕ. ಷಡ್ಡಕರ ನಡುವೆ ಪ್ರೀತಿ ಇರಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ, ಆದರೂ ಇರುವುದು ಕಡಿಮೆ. ಹುಲಿಗೇಶನದು ಮೊಬೈಲ್ ಅಂಗಡಿ. ಬೆತ್ತದ ಹಾಗೆ ಸಣ್ಣ ಮೈ, ಬಿಗಿ ಚಡ್ಡಿ, ಬೆಲೆಬಾಳುವ ಸೈಕಲ್ಲು. ದಿನಾ ಮುಂಜಾನೆ ಮುದಗಲ್ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ ಬಂದು, ಎಷ್ಟು ವೇಗದಲ್ಲಿ ತುಳಿದೆ ಅಂತ ಸ್ಟೇಟಸ್ಸಿಗೆ ಹಾಕುವವ. ಅತ್ತೆಯ ಮನೆಗೆ ಬಂದರೆ ಜಂಬಣ್ಣನ ಎಲೆಯನ್ನೇ ನೋಡುತ್ತಾ, ‘ಅಣ್ಣಾರ, ಹೋಳಿಗಿ ಎಷ್ಟನೇದು?’ ಎಂದು ಕೇಳುವವ.

ಹುಲಿಗೇಶನ ಗಂಡುಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಮಸ್ಕಿಯಲ್ಲಿ ನಡೆಯಿತು. ಜೂನ್ ತಿಂಗಳ ಮಿರಗ ಮಳೆಯ ಗಾಳಿ ಶಾಮಿಯಾನವನ್ನು ಕಿತ್ತುಕೊಂಡು ಹೋಗುವ ಹಾಗೆ ಬೀಸುತ್ತಿತ್ತು. ಒಳಗೆ ಮಗುವಿನ ಸೋದರತ್ತೆ ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ‘ಕುರ್ರ್...’ ಎಂದು ಹೆಸರು ಹೇಳುತ್ತಿದ್ದಳು. ಸುತ್ತಲಿನ ಹೆಂಗಸರು ಪದ್ಧತಿಯ ಹಾಗೆ ಅವಳ ಬೆನ್ನಿಗೆ ಗುದ್ದಿ ನಗುತ್ತಿದ್ದರು. ಅಜ್ಜನ ಹೆಸರನ್ನೇ ಇಟ್ಟರು, ಮುದುಕಪ್ಪ ಅಂತ. ತೊಟ್ಟಿಲ ಕೂಸನ್ನು ಮುದುಕಪ್ಪ ಎಂದು ಕರೆಯುವುದು ನಮಗೇನೂ ವಿಚಿತ್ರವಲ್ಲ. ಹೊರಗೆ ಗಂಡಸರ ಸಾಲಿನಲ್ಲಿ ಕೂತಿದ್ದ ಜಂಬಣ್ಣ ಹೆಸರು ಕೇಳಿ ಖುಷಿಯಿಂದ ಹಿಂದಕ್ಕೆ ಒರಗಿದ. ಪ್ಲಾಸ್ಟಿಕ್ ಖುರ್ಚಿಯ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋದವು.

ಹುಲಿಗೇಶ ಓಡಿ ಬಂದ. ಎಬ್ಬಿಸಲು ಬಂದನೆಂದು ಜಂಬಣ್ಣ ಕೈ ಚಾಚಿದ. ಬಂದವನ ಒಂದು ಕೈಯಲ್ಲಿ ಮೊಬೈಲ್ ಇತ್ತು, ವಿಡಿಯೋ ಓಡುತ್ತಿತ್ತು. ಇನ್ನೊಂದು ಕೈಯನ್ನು ಮುಷ್ಟಿ ಕಟ್ಟಿ ಜಂಬಣ್ಣನ ಬೆನ್ನಿಗೆ ಗುದ್ದಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ಕುರ್ರ್... ಖುರ್ಚಿ ಜಂಬಣ್ಣ.”

ಶಾಮಿಯಾನವೇ ನಕ್ಕಿತು. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅತ್ತೆ ಬಸ್ಸಮ್ಮ ನಗು ತಡೆಯಲಾರದೆ ಒಳಗೆ ಹೋದಳು. ನಂದಿನಿ ಮಾತ್ರ ನಗಲಿಲ್ಲ, ನೆಲ ನೋಡುತ್ತಾ ನಿಂತಿದ್ದಳು. ಆ ನಗುವನ್ನು ಜಂಬಣ್ಣ ಮರೆತಾನು, ಹೆಂಡತಿ ನೆಲ ನೋಡಿದ್ದನ್ನು ಮರೆಯಲಾರ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ಜಂಬಣ್ಣನದು ಖುರ್ಚಿಗೆ ಹೋಯಿತು. ಸಂಜೆಯೊಳಗೆ ವಿಡಿಯೋ ಮಸ್ಕಿ, ಲಿಂಗಸುಗೂರು, ಸಿಂಧನೂರು ಸುತ್ತಿ ಹಟ್ಟಿಯ ಗಣಿ ಕ್ವಾರ್ಟರ್ಸಿನವರೆಗೂ ಹೋಗಿ ಬಂದಿತ್ತು. ಮುಂದಿನ ವಾರ ದಢೇಸುಗೂರಿನ ರೈತನೊಬ್ಬ ಅಂಗಡಿಯ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಕೈಮುಗಿದು, ಬಹಳ ಮರ್ಯಾದೆಯಿಂದ ಕೇಳಿದ: “ಖುರ್ಚಿ ಜಂಬಣ್ಣಾರ ಅಂಗಡಿ ಇದೇ ಏನ್ರಿ?” ಅವನು ಅಣಕಿಸುತ್ತಿರಲಿಲ್ಲ. ಅಂಗಡಿಯ ಹೆಸರೇ ಅದು ಅಂದುಕೊಂಡಿದ್ದ. ಅಣಕಿಸಿದ್ದರೆ ಜಂಬಣ್ಣ ಬೈದು ಕಳಿಸಬಹುದಿತ್ತು. ಮರ್ಯಾದೆಗೆ ಏನಂತ ಬೈಯುವುದು? ಬೀಜ ಕೊಟ್ಟು ಕಳಿಸಿದ.

ಅದೇ ಸಂಜೆ ಮಗಳು ಅನುಪಮಾ ಶಾಲೆಯ ಚೀಲವನ್ನು ಮೂಲೆಗೆ ಒಗೆದು ಗೋಡೆ ಕಡೆ ಮುಖ ಮಾಡಿ ಕೂತಳು.  ಊಟದ ಹೊತ್ತಿಗೆ ಅಪ್ಪನ ಹತ್ತಿರ ಬಂದು ನಿಂತಳು.

“ಅಪ್ಪ, ಸಾಲ್ಯಾಗ ನನಗ ಖುರ್ಚಿ ಅನುಪಮಾ ಅನ್ನಾಕತ್ಯಾರ. ನಾ ದೊಡ್ಡಾಕಿ ಆಗಿ ನನಗ ಮಕ್ಕಳಾದ್ರ ಅವಕ್ಕೂ ಹಂಗ ಅಂತಾರೇನು?”

ಇಲ್ಲ ಅನ್ನಬೇಕಿತ್ತು. ನಿದ್ದಿ ಡಾಕ್ಟರ್ ನೆನಪಾಗಿ ಜಂಬಣ್ಣನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವನು ಮಗಳ ತಲೆಯ ಮೇಲೆ ಕೈಯಿಟ್ಟು, “ಬಿದ್ದ ಹೆಸರು ಇಳೀಬೇಕಂದ್ರ ಇನ್ನೊಬ್ಬನ ಹೆಗಲ ಮ್ಯಾಲೆ ಏರಬೇಕವಾ. ಏರಸ್ತೀನಿ, ತಡಿ” ಅಂದ. ಆ ಮಾತನ್ನು ಮಗಳು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಳು ಎಂಬುದನ್ನು ಅವನು ಗಮನಿಸಲಿಲ್ಲ. ಅವನ ಕಣ್ಣೆದುರು ಹುಲಿಗೇಶನ ಮುಖ ಬಿಟ್ಟರೆ ಬೇರೇನೂ ಇರಲಿಲ್ಲ.

ಸೇಡಿಗೆ ಸೈಕಲ್ಲೇ ಯಾಕೆ? ಹೊಡೆದಾಟ ಮಾಡಿದರೆ ‘ಖುರ್ಚಿ ಜಂಬಣ್ಣ ಹೊಡೆದ’ ಅಂತಾರೆ, ಹೆಸರು ಇನ್ನೂ ಗಟ್ಟಿಯಾಗುತ್ತದೆ. ಹುಲಿಗೇಶನ ಮಾನ ಇದ್ದದ್ದು ಅವನ ಬೆತ್ತದ ಮೈಯಲ್ಲಿ, ಅವನ ಸೈಕಲ್ಲಿನಲ್ಲಿ. ತೆಗೆಯುವುದಾದರೆ ಅಲ್ಲಿಂದಲೇ ತೆಗೆಯಬೇಕು. ಜಂಬಣ್ಣ ಹುಬ್ಬಳ್ಳಿಯಿಂದ ಒಂದು ಗಟ್ಟಿಮುಟ್ಟಾದ ಗೇರ್ ಸೈಕಲ್ ತರಿಸಿ, ಅಂಗಡಿಯ ಹಿಂದಿನ ಗೋದಾಮಿನಲ್ಲಿ ಗೊಬ್ಬರದ ಚೀಲಗಳ ಮರೆಯಲ್ಲಿ ನಿಲ್ಲಿಸಿದ.

ಮೊದಮೊದಲು ಬರೀ ಸಿಟ್ಟನ್ನೇ ತುಳಿದ. ನಸುಕಿನಲ್ಲಿ ಕಾಲುವೆಯ ದಂಡೆಗೆ ಹೋಗಿ, ಮುಂದೆ ಹುಲಿಗೇಶ ಹೋಗುತ್ತಿದ್ದಾನೆ, ಅವನ ಬೆನ್ನು ಕಾಣುತ್ತಿದೆ ಅಂದುಕೊಂಡು ಕಣ್ಣು ಕತ್ತಲಿಡುವವರೆಗೆ ತುಳಿಯುವುದು. ಸ್ವಲ್ಪ ದೂರಕ್ಕೇ ಎದೆ ಬಾಯಿಗೆ ಬರುತ್ತಿತ್ತು. ಇಳಿದು ಸೈಕಲ್ಲಿಗೆ ಒರಗಿ ನಿಂತು ನಾಯಿಯ ಹಾಗೆ ತೇಕುವುದು. ಮನೆಗೆ ಬರುವಷ್ಟರಲ್ಲಿ ಹೊಟ್ಟೆಯಲ್ಲಿ ಬೆಂಕಿ. ಒಗ್ಗರಣೆ ಹಾಕಿದ ಮಂಡಾಳು, ಅಂದರೆ ಮಂಡಕ್ಕಿ, ಮೇಲೆ ಬಿಸಿ ಮಿರ್ಚಿ ಭಜಿ. ನಮ್ಮ ಕಡೆ ಮುಂಜಾನೆ ಎಂದರೆ ಇದೇ. ಒಂದು ತಟ್ಟೆಗೆ ಸಿಟ್ಟು ಇಳಿಯುತ್ತಿರಲಿಲ್ಲ, ಎರಡನೆಯದು ಬೇಕಾಗುತ್ತಿತ್ತು. ಆಮೇಲೆ ಗಲ್ಲಾದ ಮೇಲೆ ತಲೆಯಿಟ್ಟು ಮಧ್ಯಾಹ್ನದವರೆಗೆ ನಿದ್ದೆ. ಮೊದಲು ಒಂದಿಷ್ಟು ಇಳಿದ ತೂಕ ಅಲ್ಲಿಗೇ ನಿಂತಿತು. ಕಾಟಾದ ಮುಳ್ಳು ಅಲುಗಾಡಲಿಲ್ಲ, ಮೊಣಕಾಲು ಮಾತ್ರ ಕಿರ್ ಅನ್ನತೊಡಗಿತು.

ಹಾಗಾದರೆ ಜೋರು ಬೇಡ, ದೂರ ಹೋಗೋಣ ಎಂದು ತೀರ್ಮಾನಿಸಿದ. ಇಡೀ ಮುಂಜಾನೆ ಭತ್ತದ ಗದ್ದೆಗಳ ನಡುವೆ ನಿಧಾನಕ್ಕೆ, ಕ್ಯಾಂಪಿನಿಂದ ಕ್ಯಾಂಪಿಗೆ. ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ಊರುಗಳಿಗೆ ನಮ್ಮಲ್ಲಿ ಕ್ಯಾಂಪ್ ಅನ್ನುತ್ತಾರೆ. ಅವರೆಲ್ಲ ಅವನ ಗಿರಾಕಿಗಳು. ಬೀಜ ಕೊಡುವ ಸಾಹುಕಾರ ಸೈಕಲ್ ಮೇಲೆ ಮನೆ ಮುಂದೆ ಬಂದರೆ ಬರಿಗೈಲಿ ಕಳಿಸುವುದುಂಟೆ? “ರಾ ಅಣ್ಣಾ, ಕೂಚೋ” ಎಂದು ತೆಲುಗಿನಲ್ಲಿ ಕರೆದು ಕೂರಿಸಿ ಒಂದು ಕ್ಯಾಂಪಿನಲ್ಲಿ ದೋಸೆ, ಮುಂದಿನದರಲ್ಲಿ ಚಹ-ಮಿರ್ಚಿ, ಅದರ ಮುಂದೆ ಇನ್ನೊಂದು ಚಹ. ಬೇಡ ಅಂದರೆ ಅವಮಾನ. ಹೊಟ್ಟೆ ಇಳಿಸಲು ಹೊರಟ ಮನುಷ್ಯ ಹೀಗೆ ಊರೂರು ತಿಂದು ಬಂದ. ತಿಂಗಳು ಕಳೆದು ಕಾಟಾ ಹತ್ತಿದಾಗ ತೂಕ ಮೊದಲಿಗಿಂತ ಹೆಚ್ಚಾಗಿತ್ತು. ಸೈಕಲ್ ತುಳಿದು ದಪ್ಪಗಾದ ಮೊದಲನೆಯ ಮನುಷ್ಯ ತಾನೇ ಇರಬೇಕು ಎಂದು ಅವನಿಗೆ ಅಳು ಬಂತು.

ಮೊಣಕಾಲು ಬಾತಾಗ ನಂದಿನಿ ಬಲವಂತದಿಂದ ಡಾಕ್ಟರ್ ಮಾಹಿರಾ ಹತ್ತಿರ ಕರೆದುಕೊಂಡು ಹೋದಳು. ಮಾಹಿರಾ ಸಿಂಧನೂರಿನಲ್ಲಿ ಕೀಲು-ಕಾಲಿನ ವ್ಯಾಯಾಮ ಹೇಳಿಕೊಡುವ ಫಿಸಿಯೋ, ತಾನೂ ಸೈಕಲ್ ತುಳಿಯುವವಳು. ಮೊಣಕಾಲು ಒತ್ತಿ ನೋಡಿ, ಅವನ ಕಥೆ ಕೇಳಿ ಮುಗಿಸಿದಳು.

“ಮೊದಲ ನೀವು ದಿನಾ ಜೋರು ತುಳಿದ್ರಿ. ಜೋರು ತುಳಿದ್ರ ದಮ್ಮು ಬರತೈತಿ, ಖರೆ. ಆದ್ರ ದಿನಾ ಜೋರು ಅಂದ್ರ ಮೈಗೆ ಸುಧಾರಿಸ್ಕೊಳ್ಳಾಕ ಹೊತ್ತು ಎಲ್ಲೈತಿ? ಆಮ್ಯಾಲೆ ಬರೇ ದೂರ ಹಿಡಿದ್ರಿ. ದೂರ ಹೋದ್ರ ಕೊಬ್ಬು ಕರಗತೈತಿ, ಆದ್ರ ಕ್ಯಾಂಪಿಗೊಂದು ಮಿರ್ಚಿ ತಿಂದ್ರ ಪಾಪ ಸೈಕಲ್ ಏನ್ ಮಾಡೀತು?”

“ಮತ್ತ ಹೆಂಗ ಮಾಡಬೇಕ್ರೀ ಮೇಡಂ?”

“ಎರಡೂ ಬೇಕು, ಹದ ಹಿಡಿದು ಬೇಕು. ಬಾಳ ದಿನ ಮಾತಾಡ್ಕೋತ ಹೋಗೋವಷ್ಟು ನಿಧಾನದ ಚಾಲು ಇರಲಿ. ಬಾಯಿತುಂಬ ಮಾತಾಡಾಕ ಬರಬೇಕು, ಉಸಿರು ಹತ್ತಬಾರದು. ವಾರದಾಗ ಎರಡು ದಿನ ಅಷ್ಟ, ಮಾತು ಹೊರಡದಂಗ ತುಳೀರಿ, ಅದೂ ನಡುನಡುವ ಸುಧಾರಿಸ್ಕೊಂಡು. ಐತವಾರ ದೂರ ಹೋಗ್ರಿ, ಪ್ರತಿ ವಾರ ಒಂಚೂರು ಹೆಚ್ಚು. ಒಂದು ದಿನ ಸುಮ್ನ ಮನ್ಯಾಗ ಕುಂದ್ರಿ.”

“ಅದೊಂದು ನನಗ ಚಲೋ ಬರತೈತಿ” ಅಂದ ಜಂಬಣ್ಣ.

ಮಾಹಿರಾ ನಗಲಿಲ್ಲ. “ಯಾರ ಮ್ಯಾಲೆ ಸಿಟ್ಟೈತ್ರಿ ನಿಮಗ? ಮಂದಿ ಸೈಕಲ್ ಕಾಲಿಲೆ ತುಳೀತಾರ, ನೀವು ಹಲ್ಲಿಲೆ ತುಳೀತೀರಿ. ದವಡಿ ನೋಡಿದ್ರ ಗೊತ್ತಾಗತೈತಿ. ಸಿಟ್ಟು ಅಂದ್ರ ಕಾರದಪುಡಿ ಇದ್ದಂಗ. ಅನ್ನಕ್ಕ ಒಂದೀಟು ಹಾಕ್ಕೋಬೇಕು, ಕಾರಾನ ಉಣ್ಣಬಾರದು.”

ಈ ಮಾತು ಜಂಬಣ್ಣನಿಗೆ ಹಿಡಿಸಿತು. ಅವಳು ಹೇಳಿದ್ದು ಸಿಟ್ಟು ಕಡಿಮೆ ಮಾಡು ಅಂತ. ಅವನು ತಿಳಿದುಕೊಂಡದ್ದು ಸಿಟ್ಟನ್ನು ಜೋಪಾನ ಮಾಡು ಅಂತ.

ಅಂದಿನಿಂದ ಸಿಟ್ಟಿಗೆ ಮಂಗಳವಾರ, ಶುಕ್ರವಾರ ಗೊತ್ತುಮಾಡಿದ. ಆ ಎರಡು ದಿನ ಮಸ್ಕಿಯ ರಸ್ತೆಗೆ ಹೋಗಿ, ಗಾಳಿಗೆ ಎದೆಕೊಟ್ಟು, ಒಂದು ಬೇವಿನ ಮರದಿಂದ ಮುಂದಿನ ಸೇತುವೆಯವರೆಗೆ ಹುಲಿಗೇಶನನ್ನು ಅಟ್ಟಿಸಿಕೊಂಡು ಹೋಗುವುದು. ಆಮೇಲೆ ಉಸಿರು ಕೂಡುವವರೆಗೆ ಮೆಲ್ಲಗೆ. ಮತ್ತೆ ಅಟ್ಟಿಸಿಕೊಂಡು ಹೋಗುವುದು. ಉಳಿದ ದಿನ ಮಾತಿನ ಚಾಲು. ಜೊತೆಗೆ ಯಾರೂ ಇಲ್ಲದ್ದರಿಂದ ಅವನು ಒಬ್ಬನೇ ಮಾತಾಡುತ್ತಿದ್ದ. ಹುಲಿಗೇಶನಿಗೆ ಏನು ಮಾಡಬೇಕು, ಎಲ್ಲಿ ಮಾಡಬೇಕು, ಆಗ ಅವನ ಮುಖ ಹೇಗಾಗುತ್ತದೆ ಎಂದು ಗದ್ದೆಯ ಬೆಳ್ಳಕ್ಕಿಗಳಿಗೆ ಬಿಡಿಸಿ ಹೇಳುತ್ತಿದ್ದ. ಉಸಿರು ಹತ್ತದೆ ಪೂರ್ತಿ ಸೇಡು ಹೇಳಿ ಮುಗಿಸಲು ಬಂದರೆ ಚಾಲು ಸರಿಯಾಗಿದೆ ಅಂತ ಲೆಕ್ಕ. ಎದುರು ಬಂದ ಎತ್ತಿನಬಂಡಿಯವರು ಸಾಹುಕಾರರಿಗೆ ತಲೆ ತಿರುಗಿದೆ ಎಂದು ದಾರಿ ಬಿಟ್ಟರು. ಕ್ಯಾಂಪಿನವರು ಕೂಗಿದರೆ ಮಾತ್ರ, ಡಾಕ್ಟರು ಬೇಡ ಅಂದಾರ ಎಂದು ಕೈಮುಗಿದು ಮುಂದೆ ಹೋಗುತ್ತಿದ್ದ. ಒಗ್ಗರಣೆ ವಾರಕ್ಕೊಮ್ಮೆ ಆಯಿತು, ಮಿರ್ಚಿ ಪೂರ್ತಿ ಬಿಟ್ಟ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಜಂಬಣ್ಣ ಊಟವನ್ನಷ್ಟೇ ಕಲಿತ.

ದೀಪಾವಳಿಗೆ ಕಾಟಾದ ಮುಳ್ಳು ಕ್ವಿಂಟಲ್ಲಿನ ಕೆಳಗೆ ಬಂತು. ಸಂಕ್ರಾಂತಿಗೆ ಬೆಲ್ಟಿಗೆ ಹೊಸ ತೂತು ಹಾಕಿಸಬೇಕಾಯಿತು. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಯುಗಾದಿಗೆ ಅತ್ತೆಯ ಮನೆಗೆ ಹೋಗುವಾಗ ಹೊಟ್ಟೆಗೆ ಎರಡು ಟವೆಲ್ ಸುತ್ತಿ ಮೇಲೆ ಹಳೆಯ ಸಡಿಲ ಅಂಗಿ ತೊಟ್ಟ. ಹುಲಿಗೇಶ ಎಂದಿನಂತೆ ಒಂದು ಖುರ್ಚಿ ಎಳೆದು ಕೈಯಿಂದ ಒತ್ತಿ ನೋಡಿ, “ಇದು ತಡೀತೈತಿ, ಕುಂದ್ರಿ ಅಣ್ಣಾರ” ಅಂದ. ಜಂಬಣ್ಣ ನಕ್ಕು ಕೂತ. ಒಳಗೆ ಟವೆಲ್ ಬೆವರಿನಿಂದ ತೊಯ್ದಿತ್ತು.

ಮನೆಗೆ ಬಂದು ಟವೆಲ್ ಬಿಚ್ಚಿ ಹಿಂಡುವಾಗ ನಂದಿನಿ ಹೇಳಿದಳು: “ಮೈ ಇಳೀತು, ಚಲೋ ಆತು. ಸಿಟ್ಟು ಇಳೀಲಿಲ್ಲ ನೋಡ್ರಿ ನಿಮ್ದು. ಸಾಲ್ಯಾಗ ಹುಡುಗಿಗೆ ಈಗ ಯಾರೂ ಏನೂ ಅನ್ನಂಗಿಲ್ಲ. ಬಿಟ್ಟುಬಿಡ್ರಿ.”

“ಅಂಗಡ್ಯಾಗ ಅಂತಾರಲ್ಲ” ಅಂದ ಜಂಬಣ್ಣ. ಅದು ನಿಜವೇ. ಆದರೆ ಬಿಡುವ ಮನಸ್ಸಿಲ್ಲದವನಿಗೆ ಇನ್ನೊಂದು ಕಾರಣ ಎಲ್ಲಿಯಾದರೂ ಸಿಕ್ಕೇ ಸಿಗುತ್ತದೆ.

ಇಷ್ಟರಲ್ಲಿ ಅವನು ಹುಲಿಗೇಶನ ಸ್ಟೇಟಸ್ಸುಗಳನ್ನು ದಿನಾ ನೋಡಿ ಒಂದು ಗುಟ್ಟು ಹಿಡಿದಿದ್ದ. ಮುದಗಲ್ ಇರುವುದು ಲಿಂಗಸುಗೂರಿನ ಪಡುವಲಿಗೆ, ಮಸ್ಕಿ, ಅದರಾಚೆ ಸಿಂಧನೂರು ಮೂಡಲಿಗೆ. ಮಳೆಗಾಲದ ಗಾಳಿ ಬರುವುದೂ ಪಡುವಲಿನಿಂದಲೇ. ಹುಲಿಗೇಶ ಹೋಗುವಾಗಿನ ವೇಗ ಎಂದೂ ಹಾಕುತ್ತಿರಲಿಲ್ಲ, ಬರುವಾಗಿನದನ್ನು ಮಾತ್ರ ಹಾಕುತ್ತಿದ್ದ. ಅಂದರೆ ಗಾಳಿ ತುಳಿದದ್ದನ್ನು ತಾನು ತುಳಿದೆ ಅಂದುಕೊಂಡಿದ್ದ. ಮೇಲಾಗಿ ಅವನದು ದಿನಾ ಅಷ್ಟೇ ದೂರ, ದಿನಾ ಅಷ್ಟೇ ಜೋರು. ದೂರ ಎಂಬುದರ ರುಚಿಯೇ ಅವನ ಕಾಲಿಗೆ ಗೊತ್ತಿರಲಿಲ್ಲ. ಗಾಳಿ ಬಂದಾಗ ತೂರಿಕೋ ಎಂಬುದನ್ನು ಬೀಜದ ಅಂಗಡಿಯವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕೂಸಿಗೆ ವರ್ಷ ತುಂಬಿದ ಊಟ ಮಸ್ಕಿಯಲ್ಲೇ ಎಂದು ಗೊತ್ತಾಯಿತು. ಮತ್ತೆ ಮಿರಗ, ಮತ್ತೆ ಅದೇ ಗಾಳಿ. ಜಂಬಣ್ಣ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬರೆದ: ‘ಹುಲಿಗೇಶ, ನಿನ್ನ ಸೈಕಲ್ ಮುದಗಲ್ ದಾಟಿ ಹೋಗಂಗಿಲ್ಲೇನಪಾ? ಊಟದ ದಿನ ಲಿಂಗಸುಗೂರಿಲಿಂದ ತುಳಕೋತ ಸಿಂಧನೂರಿಗೆ ನಮ್ಮ ಅಂಗಡಿಗೆ ಬಾ. ನಾಷ್ಟಾ ಮಾಡಿ ಇಬ್ಬರೂ ಸೈಕಲ್ ಮ್ಯಾಲೇ ಮಸ್ಕಿಗೆ ಹೋಗೂಣು.’

ನಗುವ ಚಿತ್ರಗಳ ಮಳೆ ಸುರಿದು ನಿಂತ ಮೇಲೆ ಹುಲಿಗೇಶನ ಉತ್ತರ ಬಂತು: ‘ನಾ ಬರತೀನಿ ಅಣ್ಣಾರ. ನೀವು ಖುರ್ಚಿ ಮರೀಬ್ಯಾಡ್ರಿ.’

‘ಖುರ್ಚಿ ಜವಾಬ್ದಾರಿ ನಂದು’ ಎಂದು ಜಂಬಣ್ಣ ಬರೆದ. ಬರೆದು ಟೆಂಟ್ ಹೌಸಿನ ಇಶ್ತಿಯಾಕ್‌ನ ಹತ್ತಿರ ಹೋದ. ಕಾರ್ಯಕ್ಕೆ ಬೇಕಾದ ಖುರ್ಚಿಗಳನ್ನೆಲ್ಲ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಹೇರಿಕೊಂಡು, ತಾವಿಬ್ಬರೂ ಸಿಂಧನೂರು ಬಿಟ್ಟ ಒಂದು ತಾಸಿನ ಮೇಲೆ ಅದೇ ರಸ್ತೆಯಲ್ಲಿ ನಿಧಾನಕ್ಕೆ ಬರಬೇಕೆಂದು ಹೇಳಿದ. “ದಾರ್‍ಯಾಗ ಒಂದು ಸವಾರಿ ಸಿಗತೈತಿ” ಅಂದ. 

ಆ ಮುಂಜಾನೆ ಹುಲಿಗೇಶ ಗಾಳಿಯ ಮೇಲೆ ಹಾರಿಕೊಂಡು ಬಂದ. ಅಂಗಡಿಯ ಮುಂದೆ ಇಳಿದವನೇ ಮೊಬೈಲ್ ತೆಗೆದು ವೇಗ ತೋರಿಸಿದ. ಜಂಬಣ್ಣ ಟವೆಲ್ಲಿನ ಹೊಟ್ಟೆ, ಸಡಿಲ ಅಂಗಿಯಲ್ಲಿ ನಿಂತು ತಲೆದೂಗಿದ. ನಂದಿನಿ, ಅನುಪಮಾ ಹಿಂದಿನ ದಿನವೇ ಮಸ್ಕಿಗೆ ಹೋಗಿದ್ದರು. ಪಕ್ಕದ ಖಾನಾವಳಿಯಿಂದ ತರಿಸಿದ ಒಗ್ಗರಣೆ, ಎಣ್ಣೆಯಿಂದ ಆಗತಾನೆ ಎತ್ತಿದ ಮಿರ್ಚಿ ಎದುರಿಗೆ ಬಂದವು.

“ಎರಡು ಸಾಕ್ರಿ ಅಣ್ಣಾರ. ತುಳಿಯೋದೈತಿ.”

“ಸಣ್ಣ ಷಡ್ಡಕ ಮೊದಲನೇ ಸಲ ಸೈಕಲ್ ಮ್ಯಾಲೆ ನನ್ನ ಅಂಗಡಿಗೆ ಬಂದಾನ. ಎರಡ ತಿಂದು ಹೋದಾ ಅಂದ್ರ ಬಸ್ಸಮ್ಮತ್ತಿ ನನಗೇನಂತಾಳ? ತಿನ್ನು. ನನ್ನಾಣಿ ಐತಿ.”

ಹಿರಿಯ ಷಡ್ಡಕ ಆಣೆ ಹಾಕಿದ ಮೇಲೆ ಎಲೆ ಬಿಟ್ಟು ಏಳುವುದು ನಮ್ಮಲ್ಲಿ ಇಲ್ಲ. ಹುಲಿಗೇಶ ತಿಂದ. ಮುಗಿಯುವ ಮೊದಲೇ ಇನ್ನೆರಡು ಬಿದ್ದವು, ಮೇಲೆ ಕೆನೆಯ ಚಹ, ಅದರ ಮೇಲೆ ಒಂದು ಲಾಡು. ಜಂಬಣ್ಣ ಎರಡು ಬಾಳೆಹಣ್ಣು ಸುಲಿದು ತಿಂದ. “ನನಗ ಡಾಕ್ಟ್ರು ಬ್ಯಾಡ ಅಂದಾರಪಾ” ಅಂದ. ಅದೇನೂ ಸುಳ್ಳಲ್ಲ.

ಊರು ದಾಟಿದ ಮೇಲೆ ಜಂಬಣ್ಣ ಸೈಕಲ್ ನಿಲ್ಲಿಸಿ, ಸಡಿಲ ಅಂಗಿ ಕಳಚಿ, ಟವೆಲ್ ಬಿಚ್ಚಿ ಚೀಲಕ್ಕೆ ತುಂಬಿದ. ಒಳಗೆ ಮೈಗೆ ಅಂಟಿದ ಬನಿಯನ್ ಇತ್ತು, ಹೊಟ್ಟೆ ಇರಲಿಲ್ಲ. ಹುಲಿಗೇಶ ನೋಡಿದ. ಏನೋ ಅರ್ಥವಾದವನ ಹಾಗೆ ಒಮ್ಮೆ ತೇಗಿದ, ತೇಗಿನಲ್ಲಿ ಮಿರ್ಚಿಯ ವಾಸನೆ ಬಂತು.

ಮೊದಲು ಹುಲಿಗೇಶನೇ ಮುಂದೆ ಹೋದ. ಅವನಿಗೆ ಗೊತ್ತಿದ್ದದ್ದು ಅದೊಂದೇ, ಜೋರು. ಜಂಬಣ್ಣ ಅಟ್ಟಿಸಿಕೊಂಡು ಹೋಗಲಿಲ್ಲ. ಅಂದು ಮಂಗಳವಾರವೂ ಅಲ್ಲ, ಶುಕ್ರವಾರವೂ ಅಲ್ಲ. ಮಾತಿನ ಚಾಲಿನಲ್ಲಿ ಹಿಂದೆ ಹಿಂದೆ ಬಂದ. ಬರುವಾಗ ಬೆನ್ನು ತಟ್ಟಿ ಕಳಿಸಿದ ಗಾಳಿ ಈಗ ಎದುರು ನಿಂತು ಎದೆಗೆ ಕೈಯಿಟ್ಟು ತಳ್ಳುತ್ತಿತ್ತು. ಮೋಡ ಸರಿದು ಬಿಸಿಲು ಬಿತ್ತು. ಎರಡು ಸೇತುವೆ ದಾಟುವಷ್ಟರಲ್ಲಿ ಜಂಬಣ್ಣ ಅವನ ಪಕ್ಕಕ್ಕೆ ಬಂದಿದ್ದ.

“ಏನಪಾ ಹುಲಿಗೇಶ, ಅಂಗಡಿ ಹೆಂಗ ನಡದೈತಿ?”

“ಹೂಂ... ನಡದೈತ್ರಿ.”

“ನಿಮ್ಮಪ್ಪಗ ಬಿಪಿ ಇತ್ತಲ್ಲ, ಈಗ ಹೆಂಗದಾರ?”

“ಚಲೋ... ಅದಾರ.”

“ಹಿಂದಿನ ವರ್ಷ ನನ್ನ ವಿಡಿಯೋ ಹಾಕಿದ್ಯಲ್ಲ, ಎಷ್ಟು ಮಂದಿ ನೋಡಿದ್ರು?”

ಹುಲಿಗೇಶನ ಬಾಯಿ ತೆರೆದಿತ್ತು, ಉಸಿರು ಮಾತ್ರ ಒಳಗೆ-ಹೊರಗೆ ಆಡುತ್ತಿತ್ತು. ಜಂಬಣ್ಣ ತಾನೇ ಮಾತು ಮುಂದುವರಿಸಿದ. ದಢೇಸುಗೂರಿನ ರೈತ ಚಪ್ಪಲಿ ಬಿಟ್ಟು ಕೈಮುಗಿದದ್ದು, ಅನುಪಮಾ ಗೋಡೆ ಕಡೆ ಮುಖ ಮಾಡಿ ಕೂತದ್ದು, ನಂದಿನಿ ನೆಲ ನೋಡಿದ್ದು, ಎಲ್ಲವನ್ನೂ ಹೇಳಿದ. ವರ್ಷವಿಡೀ ಬೆಳ್ಳಕ್ಕಿಗಳಿಗೆ ಹೇಳಿ ಹೇಳಿ ಬಾಯಿಪಾಠವಾಗಿತ್ತು, ಒಂದು ಮಾತೂ ತಪ್ಪಲಿಲ್ಲ, ಒಂದು ಕಡೆಯೂ ಉಸಿರು ಹತ್ತಲಿಲ್ಲ. ಇಷ್ಟು ಸುಖ ಅವನಿಗೆ ಯಾವ ಹೋಳಿಗೆಯಲ್ಲೂ ಸಿಕ್ಕಿರಲಿಲ್ಲ.

ಮಸ್ಕಿ ಇನ್ನೂ ದೂರ ಇರುವಾಗಲೇ ಹುಲಿಗೇಶ ಸೈಕಲ್ಲಿನಿಂದ ಇಳಿಯಲಿಲ್ಲ, ಬಿದ್ದ. ಜಾಲಿ ಗಿಡದ ಬುಡಕ್ಕೆ ತೆವಳಿ ಹೋಗಿ ಉಪಚಾರವನ್ನೆಲ್ಲ ವಾಂತಿ ಮಾಡಿದ. ಎರಡೂ ತೊಡೆ ಹಿಡಿದುಕೊಂ‍ಡು ಕಾಲು ಮಡಚಲು ಬಾರದೆ ಒದ್ದಾಡಿದ. ಜಂಬಣ್ಣ ನೀರು ಕುಡಿಸಿದ, ಕಾಲು ನೀವಿದ, ನೆರಳಿಗೆ ಎಳೆದು ಮಲಗಿಸಿದ. ಅಷ್ಟರಮಟ್ಟಿಗೆ ಅವನು ಮನುಷ್ಯನೇ. ಸ್ವಲ್ಪ ಹೊತ್ತಿಗೆ ಟಂಟಂ ಸದ್ದು ಕೇಳಿಸಿತು.

“ಬಸ್ಸಿಗೆ ಹೋಗತೀನ್ರಿ ಅಣ್ಣಾರ” ಅಂದ ಹುಲಿಗೇಶ, ಗಾಡಿಯಲ್ಲಿ ಏನಿದೆ ಎಂದು ನೋಡಿ.

“ಈ ಕಾಲಾಗ ಬಸ್ ಹೆಂಗ ಹತ್ತೀಪಾ?”

ಇಶ್ತಿಯಾಕ್, ಜಂಬಣ್ಣ ಕೂಡಿ ಅವನನ್ನು ಎತ್ತಿ ಖುರ್ಚಿಗಳ ರಾಶಿಯ ಮೇಲೆ ಹಾಕಿದರು, ಅವನ ಸೈಕಲ್ಲನ್ನು ಗಾಡಿಯ ಪಕ್ಕಕ್ಕೆ ಕಟ್ಟಿದರು. ಬೀಳದ ಹಾಗೆ ಎರಡು ಖುರ್ಚಿಯ ಕಾಲು ತಬ್ಬಿಕೋ ಎಂದು ಹೇಳಿದರು.

ಶಾಮಿಯಾನದ ತುಂಬ ಜನ ಖುರ್ಚಿ ಇಲ್ಲದೆ ನಿಂತಿದ್ದರು. ಹಾಗಾಗಿ ಟಂಟಂ ಬಂದಾಗ ನೋಡದವರು ಯಾರೂ ಉಳಿಯಲಿಲ್ಲ. ಮೇಲೆ ಹುಲಿಗೇಶ, ಬಿಗಿ ಚಡ್ಡಿ, ತಲೆಯಲ್ಲಿ ಇನ್ನೂ ಹೆಲ್ಮೆಟ್ಟು, ಖುರ್ಚಿಗಳನ್ನು ತಬ್ಬಿಕೊಂಡು ಬೋರಲು ಮಲಗಿದ್ದ. ಹಿಂದಿನಿಂದ ಜಂಬಣ್ಣ ಸೈಕಲ್ ತುಳಿದುಕೊಂಡು ಬಂದು ಇಳಿದ. ತನ್ನ ಮೈ ನೋಡಿ ಎಲ್ಲರೂ ಬಾಯಿ ಬಿಡುತ್ತಾರೆ ಎಂದುಕೊಂಡಿದ್ದ. ಬಸ್ಸಮ್ಮ ಒಬ್ಬಳೇ ನೋಡಿದಳು. “ಯಾಕೋ ಎಪ್ಪಾ, ಹಿಂಗ ಸೊರಗೀದಿ? ನನ್ನ ಮಗಳು ಉಣ್ಣಾಕ ಹಾಕಂಗಿಲ್ಲೇನು?” ಅಂದಳು.

ಹುಲಿಗೇಶನನ್ನು ಇಳಿಸಿದರು. ನಿಲ್ಲಲು ಬಾರದೆ ಅವನು ನೆಲಕ್ಕೆ ಕುಸಿದು ಕೂತ. ಜಂಬಣ್ಣ ಅವನ ಹಿಂದೆ ಹೋಗಿ, ಮುಷ್ಟಿ ಕಟ್ಟಿ, ಬೆನ್ನಿಗೆ ಒಂದು ಗುದ್ದು ಹಾಕಿದ. ಬಹಳ ಜೋರಲ್ಲ, ಸದ್ದು ಬರುವಷ್ಟು.

“ಕುರ್ರ್... ಖುರ್ಚಿ ಹುಲಿಗೇಶ.”

ಶಾಮಿಯಾನ ಮತ್ತೆ ನಕ್ಕಿತು. ಹಿಂದಿನ ವರ್ಷ ನಕ್ಕ ಅದೇ ಬಾಯಿಗಳು, ಅದೇ ಸೆರಗುಗಳು. ಹೆಸರು ಒಂದು ಹೆಗಲಿನಿಂದ ಇಳಿದು ಇನ್ನೊಂದು ಹೆಗಲಿಗೆ ಏರಿದ್ದನ್ನು ಜಂಬಣ್ಣ ಕಣ್ಣಾರೆ ಕಂಡ. ಮೈಯೆಲ್ಲ ಹಗುರಾಯಿತು, ಕಾಟಾ ತೋರಿಸದ ಹಗುರ. ಅನುಪಮಾ ಅವ್ವನ ಮೊಬೈಲ್ ಹಿಡಿದು ಮುಂದೆಯೇ ನಿಂತಿದ್ದಳು, ಎಲ್ಲ ವಿಡಿಯೋ ಆಗಿತ್ತು. ಅಪ್ಪನಿಗೆ ಹೆಬ್ಬೆರಳು ಎತ್ತಿ ತೋರಿಸಿದಳು.

ಆಮೇಲೆ ಅವಳು ಯಮನೂರಮ್ಮನ ಕಡೆ ನಡೆದಳು. ಚಿಕ್ಕಮ್ಮನ ಸೊಂಟದ ಮೇಲಿದ್ದ ಕೂಸು ಹೊಸ ಅಂಗಿಯಲ್ಲಿ, ನಡೆದ ಗದ್ದಲಕ್ಕೆ ತಾನೂ ಕೈ ತಟ್ಟುತ್ತಿತ್ತು. ಅನುಪಮಾ ಕೂಸಿನ ಬೆನ್ನಿಗೆ ಮುಷ್ಟಿಯಿಂದ ಮೆಲ್ಲಗೆ ಗುದ್ದಿ, ಕಿವಿಯ ಹತ್ತಿರ ಬಾಯಿಟ್ಟಳು.

“ಕುರ್ರ್... ಖುರ್ಚಿ ಮುದುಕಪ್ಪ.”

ಕೂಸು ಕಚಗುಳಿಯಾಗಿ ಕೇಕೆ ಹಾಕಿತು. “ಕುಚ್ಚಿ” ಅಂತು. ಆವರೆಗೆ ಅದು ಅವ್ವ ಅಂತ ಕೂಡ ಸರಿಯಾಗಿ ಅಂದಿರಲಿಲ್ಲ. ಜನ ಮೊದಲಿಗಿಂತ ಜೋರಾಗಿ ನಕ್ಕರು, ಕೂಸಿನ ಹತ್ತಿರ ಬಂದು “ಇನ್ನೊಮ್ಮೆ ಅನ್ನಪಾ ಖುರ್ಚಿ ಮುದುಕಪ್ಪ” ಎಂದು ಕೇಳತೊಡಗಿದರು. ಹೊಗಳುತ್ತಿದ್ದಾರೆಂದು ತಿಳಿದು ಕೂಸು ಮತ್ತೆ ಮತ್ತೆ ಅಂತು. ಯಮನೂರಮ್ಮ ನಗಲಿಲ್ಲ. ನೆಲ ನೋಡುತ್ತಾ ನಿಂತಳು.

ಅಕ್ಕನ ಮುಖ, ತಂಗಿಯ ಮುಖ ಒಂದೇ ಅಚ್ಚು. ಜಂಬಣ್ಣನಿಗೆ ಆ ಮುಖ ಗುರುತು ಹತ್ತಿತು.

“ಅನೂ, ಸಾಕು ಬಿಡವಾ” ಅಂದ.

“ಯಾಕಪ್ಪ?” ಅನುಪಮಾ ನಿಜವಾಗಿಯೂ ಅರ್ಥವಾಗದೆ ಕೇಳಿದಳು. “ಇನ್ನೊಬ್ಬರ ಹೆಗಲ ಮ್ಯಾಲೆ ಏರಬೇಕು ಅಂತ ನೀನ ಹೇಳಿದ್ಯಲ್ಲ. ಈಗ ನನ್ನ ಮಕ್ಕಳಿಗೆ ಯಾರೂ ಅನ್ನಂಗಿಲ್ಲ.”

ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ. ಈಗ ಕೊಯ್ದದ್ದು ಹುಲಿಗೇಶನ ಮೂಗೂ ಅಲ್ಲ. ವರ್ಷವಿಡೀ ಜಂಬಣ್ಣ ತನ್ನ ಸಿಟ್ಟಿಗೆ ಎರಡು ದಿನ ಗೊತ್ತುಮಾಡಿ ಹದದಲ್ಲಿ ಇಟ್ಟುಕೊಂಡಿದ್ದ. ಮಗಳಿಗೆ ಸಿಟ್ಟು ಮಾತ್ರ ಕೊಟ್ಟಿದ್ದ, ಹದ ಕೊಟ್ಟಿರಲಿಲ್ಲ. ಅಯ್ಯೋ ಅನಿಸಿತು. ಆದರೂ ಸುಳ್ಳು ಯಾಕೆ ಹೇಳಬೇಕು, ಹುಲಿಗೇಶ ನೆಲದ ಮೇಲೆ ಕಾಲು ಚಾಚಿ ಕೂತು ಮಗನನ್ನೇ ನೋಡುತ್ತಿದ್ದದ್ದನ್ನು ಕಂಡಾಗ ಒಳಗೆಲ್ಲೋ ಇನ್ನೂ ಸಿಹಿಯಾಗಿಯೇ ಇತ್ತು. ಅದೇ ಅವನಿಗೆ ಹೆದರಿಕೆ ತಂದಿತು.

ಇಶ್ತಿಯಾಕ್ ಖುರ್ಚಿಗಳನ್ನು ಇಳಿಸಿ ಸಾಲು ಹಚ್ಚುತ್ತಿದ್ದ. ಬಸ್ಸಮ್ಮ ಒಂದನ್ನು ಎಳೆದು ತಂದು, “ನೀ ಕುಂದ್ರಪಾ, ದಣಿದು ಬಂದೀದಿ” ಅಂದಳು. ಜಂಬಣ್ಣ ಹಳೆಯ ರೂಢಿಯಂತೆ ಎರಡೂ ಕೈ ಊರಿ, ಒಂಚೂರು ಒಂಚೂರಾಗಿ ಭಾರ ಬಿಟ್ಟು ಕೂತ. ಖುರ್ಚಿ ಕಿರ್ ಎನ್ನಲಿಲ್ಲ, ಅಲುಗಲೂ ಇಲ್ಲ. ಅವನು ತಲೆಯೆತ್ತಿ ಸುತ್ತ ನೋಡಿದ. ಅವನು ಕೂತದ್ದನ್ನು ಯಾರೂ ನೋಡಿರಲಿಲ್ಲ, ಎಲ್ಲರೂ ಕೂಸಿನ ಸುತ್ತ ನಿಂತಿದ್ದರು.